ಐದು ರಾತ್ರಿಯ ಅಂಡಮಾನ್ ಪ್ರವಾಸ: ಎಷ್ಟು ದ್ವೀಪ ನೋಡಬೇಕು?

ಪ್ರಶ್ನೆ: ನಾವು ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿದ್ದೇವೆ. ನಾವಿಬ್ಬರು, ಏಳು ವರ್ಷದ ಮಗಳು, ಜೊತೆಗೆ ಅತ್ತೆ-ಮಾವ. ಹೇಗೋ ಐದು ರಾತ್ರಿಯ ರಜೆ ಹೊಂದಿಸಿಕೊಂಡಿದ್ದೇವೆ. ಟೂರ್‌ನವರು ಕೊಟ್ಟ ಪಟ್ಟಿಯಲ್ಲಿ ಪೋರ್ಟ್ ಬ್ಲೇರ್, ಹ್ಯಾವ್‌ಲಾಕ್, ನೀಲ್, ಬಾರಾಟಾಂಗ್ ಎಲ್ಲವೂ ಇದೆ. ನಮಗೆ ಬೇಕಿರುವುದು ಸಮುದ್ರದ ಪಕ್ಕ ಆರಾಮಾಗಿ ನಾಲ್ಕು ದಿನ. ಇಷ್ಟೆಲ್ಲ ಸೇರಿಸಿಕೊಂಡರೆ ಆರಾಮ ಸಿಗುತ್ತದಾ?

ಉತ್ತರ: ಸಿಗುವುದಿಲ್ಲ. ಒಂದೇ ದ್ವೀಪ ಇಟ್ಟುಕೊಳ್ಳಿ, ಅದು ಹ್ಯಾವ್‌ಲಾಕ್ ಇರಲಿ. ಪೋರ್ಟ್ ಬ್ಲೇರ್ ವಿಮಾನ ಇಳಿಯುವ, ಹತ್ತುವ ಊರು, ಅಷ್ಟಕ್ಕೇ ಇರಲಿ. ನೀಲ್, ಬಾರಾಟಾಂಗ್ ಎರಡನ್ನೂ ಪಟ್ಟಿಯಿಂದ ತೆಗೆಸಿ.

ಹ್ಯಾವ್‌ಲಾಕ್‌ಗೆ 2018ರಿಂದ ಸ್ವರಾಜ್ ದ್ವೀಪ ಎಂದು ಹೆಸರು, ನೀಲ್‌ಗೆ ಶಹೀದ್ ದ್ವೀಪ. ಪೋರ್ಟ್ ಬ್ಲೇರ್ 2024ರಲ್ಲಿ ಶ್ರೀ ವಿಜಯ ಪುರಂ ಆಯಿತು. ಟಿಕೆಟ್‌ಗಳಲ್ಲಿ ಹಳೆಯದು, ಹೊಸದು ಎರಡೂ ಹೆಸರು ಕಾಣಬಹುದು, ಗಾಬರಿ ಬೇಡ.

ಒಂದೇ ದ್ವೀಪ ಯಾಕೆ ಅಂದರೆ, ಅಂಡಮಾನ್‌ನಲ್ಲಿ ದಣಿಸುವುದು ದೂರ ಅಲ್ಲ, ಜಾಗ ಬದಲಿಸುವುದು. ಹಡಗಿನಲ್ಲಿ ಕೂರುವುದು ಒಂದೂವರೆ ಗಂಟೆಯೇ ಇರಬಹುದು. ಆದರೆ ಅದಕ್ಕೆ ಮೊದಲು ಬ್ಯಾಗ್ ಕಟ್ಟಬೇಕು, ರೂಮ್ ಖಾಲಿ ಮಾಡಬೇಕು, ಒಂದು ಗಂಟೆ ಮುಂಚೆ ಜೆಟ್ಟಿಯಲ್ಲಿರಬೇಕು. ಇಳಿದ ಮೇಲೆ ಲಗೇಜಿಗೆ ಕಾಯಬೇಕು, ಗಾಡಿ ಹಿಡಿಯಬೇಕು, ಹೊಸ ರೂಮ್ ಸಿಗುವವರೆಗೆ ರಿಸೆಪ್ಷನ್‌ನಲ್ಲಿ ಕೂರಬೇಕು. ಅರ್ಧ ದಿನ ಹೋಯಿತು.

ಅಲ್ಲಿ ಅರ್ಧ ದಿನ ಹೋದರೆ ಪೂರ್ತಿ ದಿನ ಹೋದ ಹಾಗೆಯೇ. ನಮ್ಮ ಗಡಿಯಾರ ಒಂದೇ, ಸೂರ್ಯ ಮಾತ್ರ ಬೇರೆ. ಅಂಡಮಾನ್ ಮುಂಬಯಿಗಿಂತ ಸುಮಾರು 20 ಡಿಗ್ರಿ ರೇಖಾಂಶ ಪೂರ್ವಕ್ಕಿದೆ. ಒಂದು ಡಿಗ್ರಿಗೆ ನಾಲ್ಕು ನಿಮಿಷದ ಲೆಕ್ಕದಲ್ಲಿ ಹೆಚ್ಚುಕಡಿಮೆ 80 ನಿಮಿಷದ ವ್ಯತ್ಯಾಸ. ಡಿಸೆಂಬರ್‌ನಲ್ಲಿ ಸಂಜೆ ಐದರ ಸುಮಾರಿಗೇ ಸೂರ್ಯ ಮುಳುಗುತ್ತಾನೆ. ಮುಂಬಯಿಯ ಜುಹೂ ಬೀಚ್‌ಗೆ ಹೋಗುವ ಹಾಗೆ ಐದೂವರೆಗೆ ಚಹಾ ಕುಡಿದು ಹೊರಟರೆ ಕತ್ತಲೆಯೇ ಗತಿ. ಆದ್ದರಿಂದ ದಿನವನ್ನೇ ಬೇಗ ಶುರು ಮಾಡಿಕೊಳ್ಳಿ. ಬೆಳಿಗ್ಗೆ ಆರಕ್ಕೆ ನೀರಿನ ಹತ್ತಿರ ಇರಿ. ಬಿಸಿಲೇರಿದ ಮೇಲೆ ಊಟ, ನಿದ್ದೆ. ಮೂರಕ್ಕೆಲ್ಲ ಮತ್ತೆ ಹೊರಡಿ. ಹಿರಿಯರಿಗೆ ಬೆಳಗಿನ ಜಾವ ಏಳುವ ಅಭ್ಯಾಸ ಇದ್ದೇ ಇರುತ್ತದೆ ಅಲ್ವಾ, ಅವರಿಗೆ ಇದು ಹೇಳಿ ಮಾಡಿಸಿದ ವೇಳೆ.

ರಾತ್ರಿಗಳನ್ನು ಹೀಗೆ ಹಂಚಿ. ಮೊದಲ ರಾತ್ರಿ ಪೋರ್ಟ್ ಬ್ಲೇರ್, ನಡುವಿನ ಮೂರು ಹ್ಯಾವ್‌ಲಾಕ್, ಕೊನೆಯದು ಮತ್ತೆ ಪೋರ್ಟ್ ಬ್ಲೇರ್. ಚೆನ್ನೈಯಿಂದಲೇ ಎರಡು ಗಂಟೆಗೂ ಮೀರಿದ ವಿಮಾನ ಪ್ರಯಾಣ. ಮುಂಬಯಿಯಿಂದ ಹೊರಟು ಚೆನ್ನೈ ಅಥವಾ ಬೆಂಗಳೂರಿನಲ್ಲಿ ವಿಮಾನ ಬದಲಿಸಿ ಹೋಗುವಾಗ ಅವತ್ತೇ ಹಡಗು ಹಿಡಿಯುವ ಸಾಹಸ ಬೇಡ. ಸಂಜೆ ಸೆಲ್ಯುಲರ್ ಜೈಲು ನೋಡಿ ಮಲಗಿ. ಕೊನೆಯ ರಾತ್ರಿ ವ್ಯರ್ಥ ಅಂತ ಟೂರ್‌ನವರು ಅದನ್ನು ಕತ್ತರಿಸಲು ನೋಡಬಹುದು, ಒಪ್ಪಬೇಡಿ. ಸಮುದ್ರ ಒರಟಾದರೆ ಹಡಗು ರದ್ದಾಗುತ್ತದೆ. ಅಂಥ ದಿನ ವಿಮಾನ ನಿಮಗಾಗಿ ಕಾಯುವುದಿಲ್ಲ.

ಬಾರಾಟಾಂಗ್ ಬಗ್ಗೆ ಸ್ವಲ್ಪ ಕಟುವಾಗಿಯೇ ಹೇಳುತ್ತೇನೆ. ಪೋರ್ಟ್ ಬ್ಲೇರ್‌ನಿಂದ ಸುಮಾರು 100 ಕಿಲೋಮೀಟರ್. ಬೆಳಗಿನ ವಾಹನಗಳ ಸಾಲಿಗೆ ಸೇರಲು ನಸುಕಿನ ಮೂರು-ನಾಲ್ಕಕ್ಕೆ ಹೊರಡಬೇಕು. ಏಳು ವರ್ಷದ ಮಗುವಿಗೂ ಮಾವನಿಗೂ ಅದು ಶಿಕ್ಷೆ. ಅದಕ್ಕಿಂತ ದೊಡ್ಡ ಮಾತು, ಆ ರಸ್ತೆ ಜಾರವಾ ಎಂಬ ಬುಡಕಟ್ಟು ಜನರ ಕಾಡಿನ ಒಳಗೇ ಹೋಗುತ್ತದೆ. ಕಾಡಿನೊಳಗಿನ ಭಾಗವನ್ನು ಮುಚ್ಚಬೇಕೆಂದು ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿತ್ತು. ರಜೆಯ ಖುಷಿಗೆ ಬೇರೆಯವರ ಮನೆಯಂಗಳ ಹಾದು ಹೋಗುವುದು ನನಗೆ ಸರಿ ಕಾಣುವುದಿಲ್ಲ.

ಇನ್ನು ಹ್ಯಾವ್‌ಲಾಕ್‌ನಲ್ಲಿ ಎಲ್ಲಿ ಉಳಿಯಬೇಕು? ಜನ ಇದನ್ನು ಕೇಳುವುದೇ ಕಡಿಮೆ, ಆದರೆ ನಿಮ್ಮ ರಜೆ ಹೇಗಿರುತ್ತದೆ ಅನ್ನುವುದು ಇದರ ಮೇಲೇ ನಿಂತಿದೆ. ಹೆಚ್ಚಿನ ರೆಸಾರ್ಟ್‌ಗಳು ಪೂರ್ವದ ತೀರದಲ್ಲಿವೆ, ಗೋವಿಂದನಗರ ಮತ್ತು ವಿಜಯನಗರದ ಕಡೆ. ಅಂಗಡಿ, ಹೋಟೆಲು, ಜೆಟ್ಟಿ ಎಲ್ಲ ಹತ್ತಿರ. ಬೆಳಗಿನ ಹೊತ್ತು ಅಲ್ಲಿ ತುಂಬ ಚೆಂದ. ಆದರೆ ಇಳಿತದ ಹೊತ್ತಿಗೆ ನೀರು ದೂರ ಸರಿದು ಕಲ್ಲು, ಸತ್ತ ಹವಳ ಎಲ್ಲ ಮೇಲೆ ಕಾಣುತ್ತದೆ. ಆಗ ಈಜಲು ಆಗುವುದಿಲ್ಲ. ಫೋಟೋದಲ್ಲಿ ನೋಡಿದ ನೀಲಿ ನೀರು ಎಲ್ಲಿ ಅಂತ ಮಗು ಕೇಳುತ್ತದೆ. ಪಶ್ಚಿಮದ ರಾಧಾನಗರ ಬೀಚ್ ಹಾಗಲ್ಲ. ಉದ್ದಕ್ಕೂ ನಯವಾದ ಬಿಳಿ ಮರಳು, ಹಿಂದೆ ಎತ್ತರದ ಮರಗಳ ಕಾಡು. 2004ರಲ್ಲಿ ಟೈಮ್ ಪತ್ರಿಕೆ ಇದನ್ನು ಏಷ್ಯಾದ ಅತ್ಯುತ್ತಮ ಬೀಚ್ ಎಂದು ಹೊಗಳಿತು, 2020ರಲ್ಲಿ ಸ್ವಚ್ಛ, ಸುರಕ್ಷಿತ ಬೀಚ್‌ಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆಯೂ ಬಂತು. ಸೂರ್ಯಾಸ್ತ ಕಾಣುವುದೂ ಈ ಕಡೆಯೇ. ಆದರೆ ಇಲ್ಲಿ ಉಳಿಯುವ ಜಾಗ ಕಡಿಮೆ, ದರವೂ ಜಾಸ್ತಿ.

ನಿಮ್ಮ ಮನೆಯವರಿಗೆ ನಾನು ಹೇಳುವುದು, ಪೂರ್ವದ ಕಡೆ ರೂಮ್ ಮಾಡಿ. ಮಧ್ಯಾಹ್ನ ಗಾಡಿ ಮಾಡಿಕೊಂಡು ರಾಧಾನಗರಕ್ಕೆ ಹೋಗಿ. ಮೂರು ದಿನವೂ ಅಲ್ಲಿಗೇ ಹೋದರೂ ಬೇಸರ ಬರುವುದಿಲ್ಲ. ಬುಕ್ ಮಾಡುವ ಮುಂಚೆ ಗೋಡೆಯ ಕ್ಯಾಲೆಂಡರಿನಲ್ಲಿ ಹುಣ್ಣಿಮೆ, ಅಮಾವಾಸ್ಯೆ ಯಾವಾಗ ಅಂತ ನೋಡಿ. ಅದರ ಆಸುಪಾಸಿನ ದಿನಗಳಲ್ಲಿ ಉಬ್ಬರವೂ ಜೋರು, ಇಳಿತವೂ ಜೋರು. ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಇವತ್ತಿನ ಹೊತ್ತನ್ನು ಹೋಟೆಲಿನವರಲ್ಲಿ ಕೇಳಿಕೊಂಡರೆ ನಾಳೆಯದನ್ನು ನೀವೇ ಲೆಕ್ಕ ಹಾಕಬಹುದು.

ನೀರಿಗೆ ಇಳಿಯುವಾಗ ಲೈಫ್‌ಗಾರ್ಡ್ ಇರುವ ಕಡೆ ಮಾತ್ರ ಇಳಿಯಿರಿ. ಮೊಸಳೆ ಎಚ್ಚರಿಕೆಯ ಫಲಕ ಸುಮ್ನೆ ಹಾಕಿದ್ದಲ್ಲ. ಅಂಡಮಾನ್‌ನಲ್ಲಿ ಉಪ್ಪುನೀರಿನ ಮೊಸಳೆಗಳಿವೆ. ತೊರೆ ಬಂದು ಸಮುದ್ರ ಸೇರುವ ಜಾಗ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಹತ್ತಿರದ ನೀರು ಬೇಡವೇ ಬೇಡ. ಸ್ಕೂಬಾಗೆ, ಅಂದರೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿನಾಳಕ್ಕೆ ಇಳಿಯುವುದಕ್ಕೆ, ಸಾಮಾನ್ಯವಾಗಿ ಹತ್ತು ವರ್ಷ ತುಂಬಿರಬೇಕು, ಹಾಗಾಗಿ ಮಗಳಿಗೆ ಸದ್ಯಕ್ಕೆ ಅದಿಲ್ಲ. ಅವಳನ್ನು ಎಲಿಫೆಂಟ್ ಬೀಚ್‌ಗೆ ದೋಣಿಯಲ್ಲಿ ಕರೆದುಕೊಂಡು ಹೋಗಿ. ಲೈಫ್ ಜಾಕೆಟ್ ಹಾಕಿ ಸ್ನಾರ್ಕೆಲಿಂಗ್ (ಉಸಿರಾಟದ ಕೊಳವೆ ಕಚ್ಚಿಕೊಂಡು ನೀರಿನ ಮೇಲೆ ತೇಲುವುದು) ಮಾಡಿದರೆ ಬಣ್ಣದ ಮೀನು, ಹವಳ ನೋಡಬಹುದು. ನೀವಿಬ್ಬರು ಸ್ಕೂಬಾ ಮಾಡುವುದಾದರೆ ವಿಮಾನ ಹತ್ತುವ ಕನಿಷ್ಠ 18 ಗಂಟೆ ಮೊದಲೇ ಮುಗಿಸಿ. ಕೊನೆಯ ರಾತ್ರಿ ಪೋರ್ಟ್ ಬ್ಲೇರ್‌ನಲ್ಲಿ ಕಳೆಯುವುದು ಇಲ್ಲೂ ಉಪಯೋಗಕ್ಕೆ ಬರುತ್ತದೆ.

ಹಡಗಿನ ವಿಷಯ. ಖಾಸಗಿ ಹಡಗುಗಳು ಬೇಗ ಮುಟ್ಟಿಸುತ್ತವೆ, ಏಸಿ ಇರುತ್ತದೆ, ಆದರೆ ಹೆಚ್ಚಿನವುಗಳಲ್ಲಿ ಒಳಗೇ ಕೂತಿರಬೇಕು. ಸರ್ಕಾರಿ ಹಡಗು ನಿಧಾನ, ಎರಡೂವರೆ ಗಂಟೆಯಾದರೂ ಬೇಕು, ಟಿಕೆಟ್ ಅಗ್ಗ. ಅತ್ತೆ-ಮಾವ ಜೊತೆಗಿರುವಾಗ ಖಾಸಗಿಯದೇ ಅನುಕೂಲ. ಯಾವ ಜೆಟ್ಟಿ ಅಂತ ಟಿಕೆಟ್‌ನಲ್ಲಿ ನೋಡಿಕೊಳ್ಳಿ, ಎಲ್ಲ ಹಡಗೂ ಒಂದೇ ಕಡೆಯಿಂದ ಹೊರಡುವುದಿಲ್ಲ. ವಾಂತಿ ಬರುವವರಿದ್ದರೆ ಮಾತ್ರೆಯನ್ನು ಮನೆಯ ಡಾಕ್ಟರರನ್ನು ಕೇಳಿ ಇಲ್ಲಿಂದಲೇ ಒಯ್ಯಿರಿ. ನಗದು ಹಣವೂ ಕೈಯಲ್ಲಿರಲಿ.

ಯಾವಾಗ ಹೋಗುವುದು ಅನ್ನುವುದು ಮುಂಬಯಿಯವರಿಗೆ ನಿಜವಾದ ತಲೆನೋವು. ನಮ್ಮ ಮಕ್ಕಳ ರಜೆ ದೀಪಾವಳಿಗೆ ಮತ್ತು ಮೇ ತಿಂಗಳಲ್ಲಿ. ಎರಡೂ ಅಂಡಮಾನ್‌ಗೆ ಒಳ್ಳೆಯ ಕಾಲವಲ್ಲ. ನಮ್ಮಲ್ಲಿ ಮಳೆ ಜೂನ್‌ನಲ್ಲಿ ಬಂದರೆ ಅಲ್ಲಿ ಮೇ ಮೂರನೇ ವಾರಕ್ಕೇ ಬರುತ್ತದೆ, ಕೇರಳಕ್ಕೂ ಮೊದಲು. ನಮ್ಮಲ್ಲಿ ಮಳೆ ನಿಂತ ಅಕ್ಟೋಬರ್, ನವೆಂಬರ್‌ನಲ್ಲೂ ಅಲ್ಲಿ ಮಳೆ ಇರುತ್ತದೆ, ಬಂಗಾಳ ಕೊಲ್ಲಿಯ ಚಂಡಮಾರುತಗಳ ಕಾಲವೂ ಅದೇ. ಕ್ರಿಸ್‌ಮಸ್ ರಜೆಯಲ್ಲಿ ಹವೆ ಚೆನ್ನ, ಆದರೆ ಜನಜಂಗುಳಿ, ಎಲ್ಲಕ್ಕೂ ದುಪ್ಪಟ್ಟು ರೇಟು. ನನ್ನ ಆಯ್ಕೆ ಜನವರಿ 26ರ ಸುತ್ತಿನ ದಿನಗಳು ಅಥವಾ ಫೆಬ್ರವರಿ. ಎರಡನೇ ಕ್ಲಾಸಿನ ಮಗು ಮೂರು ದಿನ ಶಾಲೆ ತಪ್ಪಿಸಿದರೆ ಏನೂ ಕೆಡುವುದಿಲ್ಲ. ಟೀಚರಿಗೆ ಮೊದಲೇ ತಿಳಿಸಿ, ಅಷ್ಟೇ.

ಮಗಳು ಚಿಪ್ಪು, ಹವಳದ ಚೂರು ಆರಿಸಿಕೊಂಡರೆ ಆಟ ಮುಗಿದ ಮೇಲೆ ಅಲ್ಲೇ ಬಿಡಿಸಿ. ಹವಳಕ್ಕೆ ವನ್ಯಜೀವಿ ಕಾಯ್ದೆಯ ರಕ್ಷಣೆಯಿದೆ, ಬ್ಯಾಗಿನಲ್ಲಿ ಸಿಕ್ಕಿದರೆ ವಿಮಾನ ನಿಲ್ದಾಣದಲ್ಲಿ ತೊಂದರೆ.

ರಜೆ ಐದರಿಂದ ಮೂರು ರಾತ್ರಿಗೆ ಇಳಿದರೆ ಅಂಡಮಾನ್ ಬಿಟ್ಟುಬಿಡಿ. ಆಗ ಕೊಂಕಣ ಕರಾವಳಿಯಲ್ಲಿ ಮಾಲ್ವಣ ಹತ್ತಿರದ ತಾರ್ಕರ್ಲಿ ಬೀಚ್ ಒಳ್ಳೆಯದು. ಕೊಂಕಣ ರೈಲಿನಲ್ಲಿ ಊರಿಗೆ ಹೋಗುವಾಗ ಕುಡಾಳ್ ಸ್ಟೇಷನ್ ದಾಟಿರುತ್ತೀರಿ. ಅಲ್ಲಿ ಇಳಿದರೆ ಮುಂದೆ ಸುಮಾರು ಒಂದು ಗಂಟೆಯ ರಸ್ತೆ. ಮಾಲ್ವಣದಿಂದ ದೋಣಿಯಲ್ಲಿ ಸಿಂಧುದುರ್ಗ ಕೋಟೆಗೆ ಹೋಗಿಬರಬಹುದು, ಅದೂ ದ್ವೀಪವೇ.