ಫೈಲ್ ಶೇರ್ ಬೇರೆ ಡೊಮೇನ್‌ಗೆ ಹೋದಾಗ ಪರ್ಮಿಷನ್ ಏನಾಗುತ್ತದೆ?

ವಿಂಡೋಸ್ ಸರ್ವರ್‌ನಲ್ಲಿ ಯಾವುದಾದರೂ ಫೋಲ್ಡರ್‌ನ ಸೆಕ್ಯುರಿಟಿ ಟ್ಯಾಬ್ ತೆರೆಯಿರಿ. ಕೆಲವು ಸಲ ಮೊದಲು ಎಸ್-1-5-21 ಎಂದು ಶುರುವಾಗುವ ಉದ್ದನೆಯ ಸಂಖ್ಯೆ ಕಾಣುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಅದು ಹೆಸರಾಗುತ್ತದೆ. ಆ ಸಂಖ್ಯೆಯೇ ಎಸ್‌ಐಡಿ, ಅಂದರೆ ಪ್ರತಿ ಯೂಸರ್, ಗ್ರೂಪ್‌ಗೂ ಇರುವ ಗುರುತಿನ ಸಂಖ್ಯೆ. ಡಿಸ್ಕ್ ಮೇಲೆ ಇರುವುದು ಅದು ಮಾತ್ರ. ಹೆಸರನ್ನು ವಿಂಡೋಸ್ ಡೊಮೇನ್ ಕಂಟ್ರೋಲರ್‌ನಿಂದ (ಡೊಮೇನ್‌ನ, ಅಂದರೆ ಒಂದೇ ಆಡಳಿತದ ಕೆಳಗಿನ ಯೂಸರ್, ಕಂಪ್ಯೂಟರ್‌ಗಳ ಗುಂಪಿನ, ಅಕೌಂಟ್‌ಗಳನ್ನು ಇಟ್ಟುಕೊಂಡಿರುವ ಸರ್ವರ್) ಕೇಳಿ ತಂದು ತೋರಿಸುತ್ತದೆ. ಇದೊಂದು ಮನಸ್ಸಿಗೆ ಹತ್ತಿದರೆ ಮಿಕ್ಕಿದ್ದೆಲ್ಲ ಸುಲಭ.

ಹೊಸ ಡೊಮೇನ್‌ನಲ್ಲಿ ಅದೇ ಹೆಸರಿನ ಗ್ರೂಪ್ ಮಾಡಿದರೂ ಎಸ್‌ಐಡಿ ಬೇರೆ. ವಿಂಡೋಸ್‌ನ ಕಾಪಿ ಕಮಾಂಡ್ ಆದ ರೋಬೊಕಾಪಿಯಲ್ಲಿ ಸೆಕ್ಯುರಿಟಿ ಸಮೇತ ಕಾಪಿ ಮಾಡಿದರೆ ಹಳೇ ಎಸ್‌ಐಡಿಗಳೇ ಹಾಗೇ ಬರುತ್ತವೆ. ಎರಡು ಡೊಮೇನ್‌ಗಳ ನಡುವೆ ಟ್ರಸ್ಟ್ (ನಂಬಿಕೆಯ ಸಂಬಂಧ) ಇರುವ ತನಕ ಹೆಸರೂ ಕಾಣುತ್ತದೆ, ಎಲ್ಲ ಸರಿಯಿದೆ ಅನ್ನಿಸುತ್ತದೆ. ಹಳೇ ಡೊಮೇನ್ ನಿಲ್ಲಿಸಿದ ದಿನ ಹೆಸರಿನ ಜಾಗದಲ್ಲಿ ಬರೀ ಸಂಖ್ಯೆ ಉಳಿಯುತ್ತದೆ. ಸಮಸ್ಯೆ ಶುರುವಾಗುವುದೇ ಆಗ, ಅಲ್ವಾ?

ಮೊದಲ ದಾರಿ ಎಸ್‌ಐಡಿ ಹಿಸ್ಟರಿ. ಮೈಕ್ರೋಸಾಫ್ಟ್‌ನ ಎಡಿಎಂಟಿ ಟೂಲ್‌ನಲ್ಲಿ ಯೂಸರ್, ಗ್ರೂಪ್‌ಗಳನ್ನು ಸಾಗಿಸುವಾಗ, ಹೊಸ ಅಕೌಂಟ್‌ನಲ್ಲಿ ಹಳೇ ಎಸ್‌ಐಡಿಯನ್ನೂ ಬರೆಸಬಹುದು. ಆಗ ಲಾಗಿನ್ ಆದಾಗ ಟೋಕನ್‌ನಲ್ಲಿ (ಯೂಸರ್‌ನ ಎಸ್‌ಐಡಿಗಳಿರುವ ಗುರುತಿನ ಚೀಟಿ) ಎರಡೂ ಇರುತ್ತವೆ, ಹಳೇ ಫೋಲ್ಡರ್ ಮುಟ್ಟದೇನೇ ತೆರೆಯುತ್ತದೆ. ಆದರೆ ಸರ್ವರ್ ಇನ್ನೂ ಹಳೇ ಡೊಮೇನ್‌ನಲ್ಲೇ ಇದ್ದರೆ? ಯೂಸರ್ ಟ್ರಸ್ಟ್ ದಾಟಿ ಬರಬೇಕು. ಅಲ್ಲಿ ಎಸ್‌ಐಡಿ ಫಿಲ್ಟರಿಂಗ್ ಎಂಬ ಕಾವಲು ಹಳೇ ಎಸ್‌ಐಡಿಯನ್ನು ಕಿತ್ತುಹಾಕುತ್ತದೆ. ಇದು ಬೇಕಂತಲೇ ಇಟ್ಟ ರಕ್ಷಣೆ. ಸಾಗಾಟದ ಅವಧಿಗೆ ಮಾತ್ರ ಸಡಿಲಿಸಿ, ಮುಗಿದ ಕೂಡಲೇ ಮತ್ತೆ ಹಾಕಿ. ಪರೀಕ್ಷಿಸುವಾಗ ಯೂಸರ್ ಲಾಗ್ ಆಫ್ ಆಗಿ ಮತ್ತೆ ಬರಬೇಕು, ಏಕೆಂದರೆ ಟೋಕನ್ ಲಾಗಿನ್ ಹೊತ್ತಿಗೆ ತಯಾರಾಗುತ್ತದೆ.

ಎರಡನೇ ದಾರಿ ಫೋಲ್ಡರ್‌ನ ಪರ್ಮಿಷನ್ ಪಟ್ಟಿಯನ್ನೇ ತಿದ್ದುವುದು. ಎಡಿಎಂಟಿಯಲ್ಲಿ ಆಡ್, ರಿಪ್ಲೇಸ್, ರಿಮೂವ್ ಎಂಬ ಮೂರು ಆಯ್ಕೆಗಳಿವೆ. ನನ್ನ ಅಭಿಪ್ರಾಯದಲ್ಲಿ ಮೊದಲು ಆಡ್ ಮಾಡುವುದೇ ಸರಿ. ಹಳೆಯದು ಉಳಿದಿರುತ್ತದೆ, ತಪ್ಪಾದರೆ ವಾಪಸ್ ಹೋಗಬಹುದು. ಐಕ್ಯಾಕಲ್ಸ್ ಕಮಾಂಡ್‌ನಲ್ಲೂ ಸಾಧ್ಯ: ಸೇವ್ ಆಯ್ಕೆಯಲ್ಲಿ ಪರ್ಮಿಷನ್‌ಗಳನ್ನು ಫೈಲ್‌ಗೆ ಬರೆಸಿ, ರಿಸ್ಟೋರ್ ಮಾಡುವಾಗ ಸಬ್‌ಸ್ಟಿಟ್ಯೂಟ್ ಎಂದು ಹಳೇ, ಹೊಸ ಎಸ್‌ಐಡಿ ಜೋಡಿ ಕೊಡಬೇಕು. ಇಲ್ಲಿ ನಾನು ಲ್ಯಾಬ್‌ನಲ್ಲಿ ಜಾಸ್ತಿ ಹೊತ್ತು ಸಿಕ್ಕಿಹಾಕಿಕೊಂಡಿದ್ದೆ. ಫೋಲ್ಡರ್ ಹೆಸರು ಕೊಟ್ಟು ಸೇವ್ ಮಾಡಿದ್ದರೆ, ರಿಸ್ಟೋರ್‌ಗೆ ಕೊಡಬೇಕಾದ್ದು ಅದರ ಮೇಲಿನ ಫೋಲ್ಡರ್. ನಾನು ಅದೇ ಫೋಲ್ಡರ್ ಕೊಟ್ಟು, ಫೈಲ್ ಸಿಗಲಿಲ್ಲ ಎಂಬ ಎರರ್ ನೋಡುತ್ತ ಕೂತಿದ್ದೆ.

ಎಸ್-1-5-21 ಕಂಡ ಕೂಡಲೇ ಡೊಮೇನ್ ಅಕೌಂಟ್ ಅಂದುಕೊಳ್ಳಬೇಡಿ. ಹಳೇ ಸರ್ವರ್‌ನಲ್ಲೇ ಮಾಡಿದ ಲೋಕಲ್ ಗ್ರೂಪ್‌ಗಳೂ ಹೀಗೇ ಶುರುವಾಗುತ್ತವೆ. ಎಡಿಎಂಟಿ ಇವುಗಳನ್ನು ಸಾಗಿಸುವುದಿಲ್ಲ. ಹೊಸ ಸರ್ವರ್‌ಗೆ ಹೋಗುವಾಗ ಮೊದಲೇ ಡೊಮೇನ್ ಗ್ರೂಪ್ ಮಾಡಿ ಬದಲಿಸಿಕೊಳ್ಳಿ. ಎಸ್-1-5-32-544, ಅಂದರೆ ಅಡ್ಮಿನಿಸ್ಟ್ರೇಟರ್ಸ್, ಎಲ್ಲ ಕಡೆ ಒಂದೇ. ಅದಕ್ಕೆ ಚಿಂತೆಯಿಲ್ಲ.

ಇನ್ನು ಶೇರ್ ಪರ್ಮಿಷನ್. ಅದು ಫೋಲ್ಡರ್‌ನಲ್ಲಿಲ್ಲ, ಸರ್ವರ್‌ನ ರಿಜಿಸ್ಟ್ರಿಯಲ್ಲಿ ಲ್ಯಾನ್‌ಮ್ಯಾನ್‌ಸರ್ವರ್ ಕೆಳಗಿನ ಶೇರ್ಸ್ ಕೀಯಲ್ಲಿದೆ. ರೋಬೊಕಾಪಿ ಅದನ್ನು ತರುವುದಿಲ್ಲ. ಆ ಕೀಯನ್ನು ಎಕ್ಸ್‌ಪೋರ್ಟ್ ಮಾಡಿ ತರಬಹುದು, ಆದರೆ ಅದರೊಳಗೂ ಹಳೇ ಎಸ್‌ಐಡಿಗಳೇ ಇರುತ್ತವೆ. ನೆಟ್‌ವರ್ಕ್‌ನಿಂದ ಬರುವವರಿಗೆ ಶೇರ್ ಪರ್ಮಿಷನ್, ಎನ್‌ಟಿಎಫ್‌ಎಸ್ ಪರ್ಮಿಷನ್ (ಸೆಕ್ಯುರಿಟಿ ಟ್ಯಾಬ್‌ನಲ್ಲಿ ಕಾಣುವುದು) ಎರಡೂ ಒಪ್ಪಿದಷ್ಟೇ ಸಿಗುತ್ತದೆ. ಎನ್‌ಟಿಎಫ್‌ಎಸ್ ಸರಿಯಿದ್ದೂ ಯೂಸರ್‌ಗೆ ಬಾಗಿಲು ತೆರೆಯದಿದ್ದರೆ ನಾನು ಮೊದಲು ನೋಡುವುದು ಶೇರಿಂಗ್ ಟ್ಯಾಬ್.