ಮೊದಲು ಬೇರಿಂಗ್ ಗ್ಯಾಪ್, ಆಮೇಲೆ ಆಯಿಲ್

ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಕೆಲವು ತೋಟದ ಮನೆಗಳ ಶೆಡ್ಡಿನಲ್ಲಿ ಇವತ್ತಿಗೂ ಹಳೇ ಅಂಬಾಸಿಡರ್ ಇದೆ. ಅದರ 1489 ಸಿಸಿ ಪೆಟ್ರೋಲ್ ಇಂಜಿನ್ ಬಿಚ್ಚಿ ಹೊಸದಾಗಿ ಕಟ್ಟಿಸುವವರು ಮೆಕ್ಯಾನಿಕ್ ಹತ್ತಿರ ಕೊನೆಗೆ ಕೇಳುವುದು, ‘ಯಾವ ಆಯಿಲ್ ಹಾಕಬೇಕು?’ ಅಂತ. ಅಷ್ಟು ಹೊತ್ತಿಗೆ ತಡವಾಗಿರುತ್ತದೆ. ಕ್ರ್ಯಾಂಕ್, ಅಂದರೆ ಪಿಸ್ಟನ್‌ಗಳು ತಿರುಗಿಸುವ ಶಾಫ್ಟನ್ನು, ಗ್ರೈಂಡಿಂಗಿಗೆ ಕೊಡುವಾಗಲೇ ಕೇಳಬೇಕಾದ ಪ್ರಶ್ನೆ ಇದು. ಶಾಫ್ಟಿಗೂ ಅದನ್ನು ಹಿಡಿಯುವ ಬೇರಿಂಗಿಗೂ ನಡುವಿನ ಗ್ಯಾಪ್ ನಿರ್ಧಾರವಾಗುವುದು ಆಗಲೇ.

ಓಡುವ ಇಂಜಿನ್‌ನಲ್ಲಿ ಕ್ರ್ಯಾಂಕ್ ಬೇರಿಂಗಿಗೆ ತಾಗುವುದೇ ಇಲ್ಲ, ಎಣ್ಣೆಯ ಮೇಲೆ ತೇಲುತ್ತದೆ. ತಿರುಗುವ ಶಾಫ್ಟ್ ತಾನೇ ಎಣ್ಣೆಯನ್ನು ಕಿರಿದಾದ ಜಾಗಕ್ಕೆ ಎಳೆದುಕೊಳ್ಳುತ್ತದೆ, ಅಲ್ಲಿ ಒತ್ತಡ ಹುಟ್ಟುತ್ತದೆ. 1883ರಲ್ಲಿ ಇಂಗ್ಲೆಂಡಿನ ಬ್ಯೂಚಾಂಪ್ ಟವರ್ ರೈಲಿನ ಬೇರಿಂಗ್ ಪರೀಕ್ಷೆ ಮಾಡುವಾಗ ಮೇಲಿನ ತೂತಿಗೆ ಮರದ ಬಿರಡೆ ಹಾಕಿದರೆ ಎಣ್ಣೆ ಅದನ್ನೇ ಹೊರಗೆ ತಳ್ಳಿತು! 1886ರಲ್ಲಿ ಆಸ್ಬೋರ್ನ್ ರೆನಾಲ್ಡ್ಸ್ ಅದರ ಲೆಕ್ಕ ಬರೆದ.

ಶಾಫ್ಟಿನ ದಪ್ಪ ಒಂದು ಇಂಚಿದ್ದರೆ ಗ್ಯಾಪ್ ಇಂಚಿನ ಸಾವಿರದ ಒಂದು ಭಾಗ ಇರಲಿ ಅನ್ನುವುದು ಹಳೇ ಲೆಕ್ಕ. ಅಂಬಾಸಿಡರ್‌ನ ಮೈನ್ ಜರ್ನಲ್ (ಕ್ರ್ಯಾಂಕಿನಲ್ಲಿ ಬೇರಿಂಗಿನೊಳಗೆ ಕೂರುವ ಭಾಗ) 2 ಇಂಚು, ಅಂದರೆ ಗ್ಯಾಪ್ ಸುಮಾರು 50 ಮೈಕ್ರಾನ್, ಮಿಲಿಮೀಟರಿನ ಇಪ್ಪತ್ತರಲ್ಲಿ ಒಂದು ಭಾಗ. ತಲೆಕೂದಲಿಗಿಂತ ಸಣ್ಣದು.

ಇದನ್ನು ಅಳೆಯಲು ಪ್ಲಾಸ್ಟಿಗೇಜ್ ಎಂಬ ತೆಳು ಎಳೆ ಸಿಗುತ್ತದೆ. ಜರ್ನಲ್ ಒರೆಸಿ, ಎಣ್ಣೆ ಪಸೆಯಿಲ್ಲದಂತೆ ಮಾಡಿ, ಮೇಲೆ ಒಂದು ತುಂಡು ಇಡಬೇಕು. ಬೇರಿಂಗಿನ ಕ್ಯಾಪ್ ಹಾಕಿ ಟಾರ್ಕ್ ಸ್ಪ್ಯಾನರಿನಲ್ಲಿ (ಬಿಗಿತ ಅಳೆಯುವ ಸ್ಪ್ಯಾನರ್) ಪೂರ್ತಿ ಬಿಗಿಯಬೇಕು. ಕ್ರ್ಯಾಂಕ್ ತಿರುಗಿಸಬಾರದು. ಕ್ಯಾಪ್ ಬಿಚ್ಚಿದಾಗ ಎಳೆ ಚಪ್ಪಟೆಯಾಗಿರುತ್ತದೆ. ಅದರ ಅಗಲವನ್ನು ಪೊಟ್ಟಣದ ಮೇಲಿನ ಗೆರೆಗಳಿಗೆ ಹಿಡಿದು ನೋಡಿದರೆ ಗ್ಯಾಪ್ ಗೊತ್ತಾಗುತ್ತದೆ. ಅಗಲ ಜಾಸ್ತಿಯಾದಷ್ಟೂ ಗ್ಯಾಪ್ ಕಡಿಮೆ.

ಇಷ್ಟು ಕಷ್ಟ ಯಾಕೆ, ಲೂಸ್ ಇದ್ದರೆ ದಪ್ಪ ಆಯಿಲ್ ಹಾಕಿದರಾಯ್ತು ಅನ್ನುವವರಿದ್ದಾರೆ. ಲೆಕ್ಕ ಅದನ್ನು ಒಪ್ಪುವುದಿಲ್ಲ. ಗ್ಯಾಪ್ ಎರಡು ಪಟ್ಟಾದರೆ, ಅದೇ ಒತ್ತಡದಲ್ಲಿ ಬದಿಯಿಂದ ಸೋರುವ ಎಣ್ಣೆ ಎಂಟು ಪಟ್ಟಾಗುತ್ತದೆ. ಎಣ್ಣೆ ಎಷ್ಟು ದಪ್ಪವಾದೀತು? 100 ಡಿಗ್ರಿ ಬಿಸಿಯಲ್ಲಿ 40 ನಂಬರಿನ ಆಯಿಲ್‌ನ ಸ್ನಿಗ್ಧತೆ (ಎಣ್ಣೆ ಎಷ್ಟು ದಪ್ಪ ಅನ್ನುವ ಅಳತೆ) 12.5ರಿಂದ 16.3 ಸೆಂಟಿಸ್ಟೋಕ್. 50 ನಂಬರಿನದು 16.3ರಿಂದ 21.9. ಎಷ್ಟೆಂದರೂ ಎರಡು ಪಟ್ಟು ಕೂಡ ಆಗುವುದಿಲ್ಲ. ಎಂಟು ಪಟ್ಟಿನ ಸೋರಿಕೆಗೆ ಇದು ಎಲ್ಲಿ ಸಾಲುತ್ತದೆ?

ತುಂಬ ಬಿಗಿಯಾದ ಬೇರಿಂಗಿಗೆ ದಪ್ಪ ಆಯಿಲ್ ಹಾಕುವುದೂ ತಪ್ಪೇ. ಎಣ್ಣೆಯ ಹರಿವು ಕಮ್ಮಿಯಾಗುತ್ತದೆ, ಒಳಗಿನ ಬಿಸಿ ಹೊರಗೆ ಬರುವುದಿಲ್ಲ.

ಆಯಿಲ್ ಡಬ್ಬದ ಮೇಲೆ 20ಡಬ್ಲ್ಯೂ-50 ಅಂತ ಇದ್ದರೆ, ಡಬ್ಲ್ಯೂಗಿಂತ ಮೊದಲಿನ ನಂಬರ್ ಚಳಿಗೆ ಸಂಬಂಧಿಸಿದ್ದು, ಕೊನೆಯದು ಮೇಲೆ ಹೇಳಿದ ಬಿಸಿಯ ನಂಬರ್. ಕಾಸರಗೋಡಿನ ಕರಾವಳಿಯಲ್ಲಿ ಪಾದರಸ 20 ಡಿಗ್ರಿಗಿಂತ ತುಂಬ ಕೆಳಗಿಳಿಯುವುದೇ ಅಪರೂಪ. ಹಿಮ ಬೀಳುವ ಊರಿಗೆ ಬೇಕಾದ 0ಡಬ್ಲ್ಯೂ ನಮಗೆ ಸುಮ್ನೆ ಖರ್ಚು. ಸರಿಯಾದ ಗ್ಯಾಪ್ ಇಟ್ಟು ಕಟ್ಟಿದ ಹಳೇ ಇಂಜಿನ್‌ಗೆ 20ಡಬ್ಲ್ಯೂ-50 ಧಾರಾಳ ಸಾಕು. ಹೊಸ ಕಾರುಗಳ 5ಡಬ್ಲ್ಯೂ-30 ಹಾಕಿದರೆ, ಬಿಸಿಯಾದ ಮೇಲೆ ಐಡ್ಲಿಂಗ್‌ನಲ್ಲಿ ಆಯಿಲ್ ಪ್ರೆಶರ್ ಇಳಿಯಬಹುದು.

ಕಟ್ಟಿದ ಮೇಲೆ ಒಂದಷ್ಟು ದೂರ ಓಡಿಸಿ, ಇಂಜಿನ್ ಚೆನ್ನಾಗಿ ಬಿಸಿಯಾದಾಗ ಆಯಿಲ್ ಪ್ರೆಶರ್ ಗೇಜ್ ನೋಡಿ. ಪ್ರತಿ 1000 ಆರ್‌ಪಿಎಂಗೆ ಸುಮಾರು 10 ಪಿಎಸ್‌ಐ ಬರಬೇಕು. 20ಡಬ್ಲ್ಯೂ-50 ಹಾಕಿಯೂ ಬರದಿದ್ದರೆ ಇನ್ನೂ ದಪ್ಪ ಆಯಿಲ್ ಹುಡುಕಿಕೊಂಡು ಹೋಗಬೇಡಿ. ಆಯಿಲ್ ಪಂಪ್, ಹೆಚ್ಚಾದ ಒತ್ತಡ ಬಿಡುವ ರಿಲೀಫ್ ವಾಲ್ವ್ ನೋಡಿಸಿ. ಅವು ಸರಿಯಿದ್ದರೆ ಸಂಪ್ (ಇಂಜಿನ್ ಅಡಿಯ ಎಣ್ಣೆ ತಟ್ಟೆ) ಇಳಿಸಿ ಗ್ಯಾಪ್ ಮತ್ತೊಮ್ಮೆ ಅಳೆಸಿ.