ಕತ್ತಿ ಹಿಡಿದೇ ಇರದ ನಟ ಕತ್ತಿವೀರನಾದದ್ದು ಹೇಗೆ?

ಪ್ರಶ್ನೆ: ‘ಸೆವೆನ್ ಸಮುರಾಯ್’ ಚಿತ್ರದಲ್ಲಿ ಕ್ಯೂಜೋ ಪಾತ್ರ ಮಾಡಿದ ನಟ ನಿಜಕ್ಕೂ ಕತ್ತಿವರಸೆ ಬಲ್ಲವರೇ? ಕ್ಯೂಜೋನ ಮೊದಲ ಕಾದಾಟ ಅಷ್ಟು ಬೇಗ ಮುಗಿದುಹೋಗುವುದೇಕೆ?

ಅಕಿರಾ ಕುರೊಸಾವಾ ನಿರ್ದೇಶನದ ಈ ಚಿತ್ರವನ್ನು ಮೊದಲ ಬಾರಿ ನೋಡಿದವರು ಬಹಳ ಸಲ ಕೇಳುವ ಪ್ರಶ್ನೆ ಇದು. ಬಲ್ಲವರಲ್ಲ ಎಂಬುದೇ ಉತ್ತರ. ಸೇಜಿ ಮಿಯಾಗುಚಿ ರಂಗಭೂಮಿಯಲ್ಲಿ ಪಳಗಿದ ನಟ. 1954ರಲ್ಲಿ ತೆರೆಕಂಡ ಈ ಚಿತ್ರಕ್ಕೆ ಬರುವ ಮುನ್ನ ಅವರಿಗೆ ಕತ್ತಿವರಸೆಯ ಗಂಧವೇ ಇರಲಿಲ್ಲ. ಡಕಾಯಿತರಿಂದ ಹಳ್ಳಿಯೊಂದನ್ನು ಕಾಯುವ ಏಳು ಮಂದಿ ಸಮುರಾಯ್‌ಗಳಲ್ಲಿ ಎಲ್ಲರಿಗಿಂತ ನಿಪುಣನಾದ ಕ್ಯೂಜೋನ ಪಾತ್ರ ಅವರ ಪಾಲಿಗೆ ಬಂತು. ಆ ಪಾತ್ರವನ್ನು ಮೊದಲು ತೊಶಿರೋ ಮಿಫುನೆ ಮಾಡಬೇಕಿತ್ತು. ಆಮೇಲೆ ಕಿಕುಚಿಯೋ ಎಂಬ ಅಬ್ಬರದ ಪಾತ್ರ ಹುಟ್ಟಿತು, ಮಿಫುನೆ ಅದಕ್ಕೆ ಹೋದರು. ಹಾಗೆ ಆಗಿದ್ದು ಒಳ್ಳೆಯದೇ ಆಯಿತು ಎಂದು ನಾನು ಪ್ರತಿ ಬಾರಿ ಚಿತ್ರ ನೋಡಿದಾಗಲೂ ಅಂದುಕೊಳ್ಳುತ್ತೇನೆ.

ಆ ದೃಶ್ಯವನ್ನೊಮ್ಮೆ ನೆನಪಿಸಿಕೊಳ್ಳಿ. ಇಬ್ಬರು ಕೋಲು ಹಿಡಿದು ಎದುರುಬದುರು ನಿಂತಿದ್ದಾರೆ, ಸುತ್ತ ಜನ ಸೇರಿದ್ದಾರೆ. ಕಣ್ಣು ಮಿಟುಕಿಸುವಷ್ಟರಲ್ಲಿ ಎರಡೂ ಕೋಲುಗಳು ಬೀಸಿ ಆಗಿರುತ್ತವೆ. ಎದುರಾಳಿ ಇದು ಸಮ ಎನ್ನುತ್ತಾನೆ. ಇಲ್ಲ, ಗೆದ್ದವನು ನಾನು, ನಿಜವಾದ ಕತ್ತಿಯಾಗಿದ್ದರೆ ನಿನ್ನ ಜೀವ ಹೋಗಿರುತ್ತಿತ್ತು ಎಂದು ಕ್ಯೂಜೋ ಶಾಂತವಾಗಿ ಹೇಳುತ್ತಾನೆ. ಸೋತವನಿಗೆ ಸಿಟ್ಟು ನೆತ್ತಿಗೇರುತ್ತದೆ, ನಿಜವಾದ ಕತ್ತಿಯಲ್ಲೇ ಆಗಲಿ ಎಂದು ಹಟ ಹಿಡಿಯುತ್ತಾನೆ. ಅವನು ಕತ್ತಿಯನ್ನು ಮೇಲಕ್ಕೆತ್ತಿ ಅರಚುತ್ತಾನೆ. ಕ್ಯೂಜೋ ಮಾತ್ರ ಸದ್ದಿಲ್ಲದೆ ಹೆಜ್ಜೆ ಸರಿಸಿ, ಅಲಗನ್ನು ಕೆಳಕ್ಕಿಳಿಸಿ ಕಾಯುತ್ತಾನೆ. ಒಂದೇ ಏಟು. ಅರಚಿದವನು ಒಂದು ಕ್ಷಣ ನಿಂತೇ ಇರುತ್ತಾನೆ. ಆಮೇಲೆ ಅವನ ದೇಹ ನಿಧಾನಗತಿಯಲ್ಲಿ ನೆಲಕ್ಕೊರಗುತ್ತದೆ.

ಇಷ್ಟು ಸಾಕಾಗುವುದು ಹೇಗೆ ಎಂದರೆ, ಮಿಯಾಗುಚಿ ಅವರಿಂದ ಕತ್ತಿಯ ಕೆಲಸ ಮಾಡಿಸಿದ್ದಕ್ಕಿಂತ ಹೆಚ್ಚಾಗಿ ನಿಲ್ಲುವ ಕೆಲಸವನ್ನು ಮಾಡಿಸಿದ್ದಾರೆ. ಚಿತ್ರದ ಕತ್ತಿವರಸೆಯ ಗುರು ಯೋಶಿಯೋ ಸುಗಿನೋ. ಐದು ಶತಮಾನ ದಾಟಿದ ಕತೋರಿ ಶಿಂತೋ ರ್‍ಯೂ ಎಂಬ ಪರಂಪರೆಯಲ್ಲಿ ತಾಲೀಮು ಪಡೆದವರು, ಅದನ್ನು ಕಲಿಸುತ್ತಿದ್ದವರು. ಸೊಂಟ ಅಲುಗದೆ, ಪಾದ ನೆಲ ಬಿಡದೆ ಸರಿಯುವ ನಡಿಗೆ ಬಂದರೆ ಅರ್ಧ ಕತ್ತಿವೀರ ಬಂದಂತೆ. ಉಳಿದರ್ಧವನ್ನು ಕ್ಯಾಮೆರಾ, ಸಂಕಲನ ಮತ್ತು ಸುತ್ತ ನಿಂತವರ ಮುಖಗಳು ತುಂಬುತ್ತವೆ. ಗುಂಪಿನಲ್ಲಿ ನಿಂತ ಸಮುರಾಯ್‌ಗಳ ನಾಯಕ ಕಂಬೇ, ಅಂದರೆ ನಟ ತಕಾಶಿ ಶಿಮುರಾ, ಕತ್ತಿ ಬೀಸುವ ಮೊದಲೇ ಫಲಿತಾಂಶ ತಿಳಿದವನಂತೆ ನೋಡುತ್ತಾನೆ. ಅನುಭವಸ್ಥನ ಆ ನೋಟವೇ ನಮ್ಮನ್ನು ನಂಬಿಸುತ್ತದೆ. ರಂಗನಟನಾಗಿದ್ದ ಮಿಯಾಗುಚಿ ಅವರಿಗೆ ಮೌನವನ್ನು ಹಿಡಿದಿಟ್ಟುಕೊಳ್ಳುವುದು ಗೊತ್ತಿತ್ತು. ಬೇಕಾಗಿದ್ದದ್ದೂ ಅದೇ.

ಇನ್ನು ಎರಡನೇ ಪ್ರಶ್ನೆ. ಜಪಾನಿನಲ್ಲಿ ಇಂಥ ಚಿತ್ರಗಳನ್ನು ‘ಚನ್‌ಬರಾ’ ಎನ್ನುತ್ತಾರೆ, ಕತ್ತಿಗೆ ಕತ್ತಿ ತಾಗುವ ಸದ್ದಿನಿಂದ ಬಂದ ಹೆಸರದು. ಮೊದಮೊದಲ ಚಿತ್ರಗಳಲ್ಲಿ ಕಬುಕಿ ನಾಟಕದ ಪ್ರಭಾವವಿತ್ತು, ಹೊಡೆದಾಟ ನೃತ್ಯದಂತೆ ಸಾಗುತ್ತಿತ್ತು. ಕುರೊಸಾವಾ ಅದನ್ನು ಒರಟಾಗಿಸಿದರು, ಚುಟುಕಾಗಿಸಿದರು. ಹರಿತವಾದ ಕತ್ತಿ ಕವಚವಿಲ್ಲದ ಮೈಗೆ ತಾಗಿದರೆ ಎರಡನೇ ಏಟು ಬೇಕಾಗುವುದಿಲ್ಲ. ಅವರದೇ 1962ರ ‘ಸಂಜುರೋ’ ಚಿತ್ರದ ಕೊನೆಯಲ್ಲಿ ಮಿಫುನೆ ಮತ್ತು ತತ್ಸುಯಾ ನಕದಾಯ್ ಕೈಯಳತೆಯ ದೂರದಲ್ಲಿ ನಿಂತು ಒಬ್ಬರನ್ನೊಬ್ಬರು ನೋಡುತ್ತಲೇ ಇರುತ್ತಾರೆ. ಉಸಿರು ಬಿಗಿಹಿಡಿದು ಕಾದ ನಮಗೆ ಸಿಗುವುದು ಒರೆಯಿಂದ ಹಿರಿದ ಒಂದೇ ಒಂದು ಬೀಸು, ಚಿಮ್ಮಿದ ನೆತ್ತರು. ಕಾಯಿಸಿದ ಆ ಹೊತ್ತೇ ಕಾದಾಟ ಎಂದು ನನಗೆ ಅನ್ನಿಸುತ್ತದೆ.

ಸಾಮಾನ್ಯವಾಗಿ ನಟರ ಕೈಯಲ್ಲಿರುವುದು ‘ತಕೆಮಿತ್ಸು’, ಬಿದಿರಿನಿಂದ ಮಾಡಿದ, ಬೆಳ್ಳಿಬಣ್ಣದ ಹಾಳೆ ಅಂಟಿಸಿದ ಹಗುರ ಕತ್ತಿ. ಅದಕ್ಕೆ ಭಾರವನ್ನು ನಟನೇ ಕೊಡಬೇಕು. ಏಟು ತಿನ್ನುವವನು ಇನ್ನೂ ಹೆಚ್ಚು ಕೊಡಬೇಕು. ಇದಕ್ಕೆಂದೇ ಅಲ್ಲಿ ‘ಕಿರಾರೆಯಾಕು’ ಎಂಬ ನಟರಿದ್ದಾರೆ, ಕಡಿಸಿಕೊಂಡು ಸಾಯುವ ಪಾತ್ರದವರು. ಅವರಲ್ಲಿ ಹೆಸರಾದವರು ಸೇಜೋ ಫುಕುಮೊತೊ (1943–2021). ಹದಿನೈದನೇ ವಯಸ್ಸಿಗೆ ಕ್ಯೋಟೋದ ತೋಯೆಯ್ ಸ್ಟುಡಿಯೋ ಸೇರಿ, ಐವತ್ತು ಸಾವಿರ ಬಾರಿ ಸತ್ತವರು ಎಂಬ ಖ್ಯಾತಿ ಗಳಿಸಿದರು. ಕತ್ತಿ ತಾಗುತ್ತಲೇ ಅವರ ಬೆನ್ನು ಸಿಗಡಿಯಂತೆ ಹಿಂದಕ್ಕೆ ಬಾಗಿ, ತಲೆ ಇನ್ನೇನು ನೆಲ ಮುಟ್ಟಿತು ಎನ್ನುವಷ್ಟರಲ್ಲಿ ಬೀಳುತ್ತಿದ್ದರು. ನಾಯಕನ ಏಟಿಗೆ ಎಷ್ಟು ಬಲವಿತ್ತೆಂದು ನಮಗೆ ತಿಳಿಯುತ್ತಿದ್ದದ್ದು ಆ ಬೆನ್ನಿನಿಂದ. 2014ರ ‘ಉಜುಮಸಾ ಲೈಮ್‌ಲೈಟ್’ನಲ್ಲಿ, ಎಪ್ಪತ್ತರ ಆಸುಪಾಸಿನಲ್ಲಿ, ಅವರಿಗೆ ಮೊದಲ ಬಾರಿ ನಾಯಕನ ಪಾತ್ರ ಸಿಕ್ಕಿತು. ‘ದಿ ಲಾಸ್ಟ್ ಸಮುರಾಯ್’ ನೋಡಿದವರಿಗೆ ಟಾಮ್ ಕ್ರೂಸ್ ಹಿಂದೆ ಮಾತಿಲ್ಲದೆ ನಡೆಯುವ ಮುದುಕನ ನೆನಪಿರಬಹುದು. ಅವರೇ ಇವರು.

ಮತ್ತೆ ಕ್ಯೂಜೋಗೆ ಬರುತ್ತೇನೆ. ಅವನು ರಾತ್ರಿ ಒಬ್ಬನೇ ಡಕಾಯಿತರ ಬೀಡಿಗೆ ಹೋಗಿ, ಬೆಳಗಿನ ಮಂಜಿನಲ್ಲಿ ಒಂದು ಕೋವಿಯನ್ನು ಹೊತ್ತು ತಂದು ಕೊಟ್ಟು, ಏನೂ ಆಗದವನಂತೆ ಮಲಗಿಬಿಡುತ್ತಾನೆ. ಏಳು ಮಂದಿಯಲ್ಲಿ ಎಳೆಯನಾದ ಕತ್ಸುಶಿರೋ ಅವನನ್ನು ಕಣ್ತುಂಬ ನೋಡುತ್ತಾನೆ. ಅಭಿಮಾನಿಗಳಾದ ನಾವೆಲ್ಲ ಆ ಹುಡುಗನೇ. ಕೊನೆಗೆ ಕ್ಯೂಜೋ ಸಾಯುವುದು ಕತ್ತಿಯಿಂದಲ್ಲ, ಕೋವಿಯ ಗುಂಡಿನಿಂದ. ಚಿತ್ರದಲ್ಲಿ ಸಾಯುವ ನಾಲ್ವರು ಸಮುರಾಯ್‌ಗಳೂ ಗುಂಡಿಗೇ ಬಲಿಯಾಗುತ್ತಾರೆ. ಎಂಥ ವರಸೆಗೂ ಸಿಗದಷ್ಟು ದೂರದಿಂದ ಬಂದ ಸಾವು ಅದು. ಮಳೆಯ ಕೆಸರಿನಲ್ಲಿ ಅವನು ಬೀಳುವುದನ್ನು ಎಷ್ಟು ಸಲ ನೋಡಿದರೂ ನನಗೆ ಗಂಟಲು ಕಟ್ಟುತ್ತದೆ.

ಮುಂದಿನ ಸಲ ಆ ಮೊದಲ ಕಾದಾಟ ನೋಡುವಾಗ ಕ್ಯೂಜೋನನ್ನು ಬಿಟ್ಟು ಅರಚುವವನ ಮೇಲೆ ಕಣ್ಣಿಡಿ. ಏಟು ಬಿದ್ದ ಮೇಲೆ, ಬೀಳುವ ಮುನ್ನ, ಅವನು ನಿಂತಿರುವ ಆ ಒಂದು ಕ್ಷಣವನ್ನು ನೋಡಿ.